ಶಾಫ್ಟ್ ತೆಗೆದ ಮೇಲೆ

ವಡಗಾವಿಯಲ್ಲಿ ನನ್ನ ಬಾಡಿಗೆ ಕೋಣೆ
ಹದಿನಾರು ಮಗ್ಗಗಳ ನೆತ್ತಿಯ ಮೇಲಿದೆ.
ಖಟಾಖಟ್ ಖಟಾಖಟ್,
ಚಹದ ಕಪ್ಪಿನೊಳಗೂ ಸಣ್ಣ ಸಣ್ಣ ಉಂಗುರ.
ಮೊದಲ ತಿಂಗಳು ನಿದ್ದೆಯಿರಲಿಲ್ಲ.
ಈಗ ಸದ್ದು ನಿಂತರೆ ಎಚ್ಚರ.

ನನ್ನದೂ ಹದಿನಾರರ ಕೆಲಸವೇ:
ಉಗುರಿನಷ್ಟು ಸಿಲಿಕಾನಿನ ಮೇಲೆ ಹದಿನಾರು ಕೋರು.
ಒಂದೇ ನಕ್ಷೆ, ಒಂದೇ ಕುಲುಮೆ, ಒಂದೇ ದಿನ ಹುಟ್ಟಿದವು.
ಅಳತೆಗೆ ಕೂಡಿಸಿದರೆ
ಒಂದರಂತೆ ಒಂದಿಲ್ಲ.
ಎಲ್ಲೋ ಹತ್ತಾರು ಅಣು ಹೆಚ್ಚು ಬಿದ್ದಿವೆ,
ಎಲ್ಲೋ ಗೆರೆ ಕೂದಲಿನ ಸಾವಿರದೊಂದು ಪಾಲು ಸೊಟ್ಟ.
ಮೂರನೆಯದು ಹಾರುತ್ತದೆ.
ಏಳನೆಯದು, ಅಂಚಿಗೆ ಬಿದ್ದದ್ದು,
ಏದುಸಿರು ಬಿಡುತ್ತದೆ.

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ:
ಏಳನೆಯದರ ಉಸಿರಿಗೆ ತಾಳ ಕಟ್ಟಿ
ಹದಿನಾರನ್ನೂ ನಡೆಸಿದೆ.
ತಪ್ಪಿಲ್ಲ. ಯಾವುದೂ ಎಡವುವುದಿಲ್ಲ.
ಮೂರನೆಯದು ಮಾತ್ರ
ಗೂಟಕ್ಕೆ ಕಟ್ಟಿದ ಹೋರಿಯ ಹಾಗೆ
ನಿಂತಲ್ಲೇ ನೆಲ ಕೆರೆಯುತ್ತ.

ಗೈಬುಸಾಬ ಕೆಳಗಿನ ಜಾಬರ್.
ಮೂವತ್ತೆಂಟು ವರ್ಷದ ಸದ್ದು ಅವನ ಕಿವಿ ತಿಂದುಹಾಕಿದೆ.
ಮಗ್ಗದ ಚೌಕಟ್ಟಿಗೆ ಅಂಗೈ ಇಟ್ಟು
ಬೇನೆ ಹೇಳುತ್ತಾನೆ:
“ಈಕೀದು ಎಡಗಡೀ ಪಿಕರ್ ಸವದದ.”
ಮಗ್ಗಗಳೆಲ್ಲ ಅವನಿಗೆ ಈಕಿ, ಆಕಿ.

ಒಂದು ಸಂಜೆ ಕಿವಿಯ ಹತ್ತಿರ ಕೂಗಿ ಕೇಳಿದೆ:
ಎಲ್ಲಾ ಒಂದೇ ಕಾರ್ಖಾನೆಯವಲ್ಲವೆ ಸಾಬರೆ,
ಒಂದೇ ವರ್ಷದವು?
ತಂಬಾಕು ತಿಕ್ಕುತ್ತ ನಕ್ಕ. ಸೂರಿನ ಕಡೆ ತೋರಿಸಿದ.
ತುಕ್ಕು ಹಿಡಿದ ಎರಡು ಬೇರಿಂಗು, ಜೇಡನ ಬಲೆ.

“ಆವಾಗ ಅಲ್ಲೊಂದು ಉದ್ದನ್ನ ಶಾಫ್ಟ್ ಇತ್ತವಾ.
ಒಂದ ಮೋಟರ, ಹದಿನಾರು ಪಟ್ಟಾ.
ಒಬ್ಬಾಕಿ ಕುಂಟಿದ್ರ ಎಲ್ಲಾರೂ ಕುಂಟಬೇಕು.
ಮಾಲಕ ಅಂದ, ಮೂಲ್ಯಾಗಿನಾಕೀನ ಮೋಡಕಾಕ್ಕ ಹಾಕು.
ನಾ ಅಂದೆ, ಶಾಫ್ಟ್ ತಗೀರಿ.
ಈಗ ಒಬ್ಬೊಬ್ಬಾಕಿಗೂ ಒಂದೊಂದು ಮೋಟರ.
ಓಡಾಕಿಗೆ ಪಾಲಿಸ್ಟರ್ ಸೀರಿ,
ಈ ಮುದುಕಿಗೆ ಸಾದಾ ಪಂಜೆ.
ಮತ್ತೊಂದು ಕೇಳ,
ಓಡಾಕೀನ ಭಾಳ ಕರೆಂಟ್ ತಿಂತಾಳ, ಖಾಲಿ ತಿರಗಿದ್ರೂ.”

ಕೊನೆಯ ಮಾತಿಗೆ ಮೈ ಜುಮ್ಮೆಂದಿತು.
ನನ್ನ ಮೂರನೆಯದೂ ಹಾಗೆಯೇ,
ಸುಮ್ಮನೆ ಕೂತಲ್ಲೇ ಸೋರುತ್ತದೆ.
ಏಳನೆಯದು ತಣ್ಣಗೆ ಮಲಗುತ್ತದೆ.

ಮೇಲೆ ಬಂದು ತಾಳ ಹರಿದುಹಾಕಿದೆ.
ಪ್ರತಿ ಕೋರಿಗೂ ಅದರದೇ ಗಡಿಯಾರ,
ಅದಕ್ಕೆ ಹಿಡಿಸುವಷ್ಟೇ ವೋಲ್ಟು.
ಪ್ರತಿಯೊಂದರ ಎದೆಯೊಳಗೂ
ತನ್ನ ಬಾಲ ತಾನೇ ಅಟ್ಟುವ ಪುಟ್ಟದೊಂದು ಉಂಗುರ;
ಅದರ ಸುತ್ತು ಎಣಿಸಿದರೆ ಸಾಕು,
ಅಲ್ಲಿನ ಸಿಲಿಕಾನು ಇವತ್ತು ಹೇಗಿದೆ ಗೊತ್ತಾಗುತ್ತದೆ.
ಕಡತದಲ್ಲಿ ಅದಕ್ಕೊಂದು ಹೆಸರು ಬೇಕಿತ್ತು.
ಅಂಗೈ ಎಂದು ಬರೆದೆ.

ಗಡಿಯಾರ ಬೇರೆಯಾದ ಮೇಲೆ
ಒಂದರ ಮಾತು ಇನ್ನೊಂದಕ್ಕೆ ದಾಟಿಸುವುದು ಕಷ್ಟ.
ನಡುವೆ ಕಟ್ಟೆ ಕಟ್ಟಿದೆ,
ಮೊದಲು ಬಂದದ್ದು ಕೂತು ಕಾಯಲಿ ಎಂದು.
ಅಲ್ಲೂ ಒಮ್ಮೊಮ್ಮೆ ಮಾತು ಕಳೆದುಹೋಗುತ್ತದೆ.
ಇನ್ನೂ ಬಗೆಹರಿದಿಲ್ಲ.

ರಾತ್ರಿ ಎರಡಕ್ಕೆ ಕರೆಂಟು ಹೋಯಿತು.
ಇಡೀ ಓಣಿ ಒಮ್ಮೆಲೇ ಗೈಬುಸಾಬನಾಯಿತು.
ಯಾರೋ ಕೆಮ್ಮಿದರು. ಖಾಸಬಾಗದ ಕಡೆ ಒಂದು ನಾಯಿ.
ಹಲಗೆಯ ಸಂದಿಯಲ್ಲಿ ಇಣುಕಿದರೆ
ಮೊಬೈಲಿನ ಬೆಳಕು ಕಂಕುಳಲ್ಲಿ ಸಿಕ್ಕಿಸಿ
ಸಾಲು ಹಿಡಿದು ನಡೆಯುತ್ತಿದ್ದ,
ಬಿಸಿ ಆರುತ್ತಿರುವ ಒಂದೊಂದರ ಮೇಲೂ ಕೈಯಿಟ್ಟು.

ಕರೆಂಟು ಬಂತು, ಮೊದಲು ಮಂಕಾಗಿ.
ಕಿಟಕಿಯ ಪಕ್ಕದಾಕಿ ತಟ್ಟನೆ ಎದ್ದಳು.
ಆಮೇಲೆ ಬಾಗಿಲ ಬಳಿಯ ಇಬ್ಬರು ಒಟ್ಟಿಗೆ.
ಆಮೇಲೆ ಗೊತ್ತಾಗದಷ್ಟು ಜನ.
ಸದ್ದಿನಲ್ಲೇ ಎಣಿಸುತ್ತೇನೆ ಈಗ:
ಹದಿಮೂರು, ಹದಿನಾಲ್ಕು,
ಹದಿನೈದು.

ಪೆನ್ನು ಕೆಳಗಿಟ್ಟು
ಮೂಲೆಯ ಕಡೆ ಕಿವಿಯಿಟ್ಟಿದ್ದೇನೆ.