ಶನಿವಾರದವರೆಗೆ

ಎಸ್.ಪಿ. ರೋಡಿನ ಒಂದು ಅಡ್ಡದಾರಿ,
ಮೊಬೈಲ್ ಕವರುಗಳ ತೋರಣ ಸರಿಸಿ ಒಳಗೆ ಬಂದರೆ
ಗಾಜಿನ ಪೆಟ್ಟಿಗೆಯಲ್ಲಿ ಅದು ಮಲಗಿದೆ,
ಎಡಕ್ಕೊಂದು ಹಳದಿ ಕಿವಿ, ಬಲಕ್ಕೊಂದು ನೀಲಿ.
ಸೆಕೆಂಡ್ ಹ್ಯಾಂಡು. ಹದಿನಾಲ್ಕೂವರೆ ಸಾವಿರ.
ಚಾರ್ಜರು ಸೇರಿ, ಬಿಲ್ಲು ಕೇಳಬಾರದು.

'ಮಗನಿಗಾ ಮೇಡಂ?' ಅಂದ ಜಬೀವುಲ್ಲಾ.
ಹೂಂ ಅಂದೆ.
ಖಾಕಿ ಕೋಟು ಬ್ಯಾಗಿನೊಳಗೆ ಮಡಚಿತ್ತು,
ನನಗೆ ಮಗನಿಲ್ಲ, ಮಗಳೂ ಇಲ್ಲ,
ಹೂಂ ಅನ್ನುವುದು ಮಾತ್ರ ಎಷ್ಟು ಸಲೀಸು.
'ವಯಸ್ಸೆಷ್ಟು?'
'ಹನ್ನೊಂದು.'
ಹಾಗೆ, ಸೋಲ್ಡರ್ ಹೊಗೆಗೂ ಹೊರಗಿನ ಬೋಂಡಾ ವಾಸನೆಗೂ ನಡುವೆ
ನನಗೊಬ್ಬ ಮಗ ಹುಟ್ಟಿದ. ಐದನೇ ಕ್ಲಾಸು. ಎಡಚ.

'ಅವನಿಗೆ ಗಾಡಿ ಓಡಿಸೋದು ಇಷ್ಟಾನಾ, ಬಡಿದಾಟಾನಾ?'
ಎರಡೂ ದಿನಾ ಬಸ್ಸಲ್ಲೇ ನೋಡುತ್ತೇನೆ.
'ಯಾರೂ ಹತ್ತದ, ಯಾರೂ ಇಳಿಯದ ಆಟ ಇದೆಯಾ?'
ಗಲ್ಲ ಕೆರೆದುಕೊಂಡು ಯೋಚಿಸಿ
'ಮೀನು ಹಿಡಿಯೋದಿದೆ' ಅಂದ.

ಕೈಯಲ್ಲಿ ಹಿಡಿಯುವ ಯಂತ್ರ ನನಗೆ ಹೊಸದೇನಲ್ಲ.
ಎಂಟು ಗಂಟೆ ಒಂದನ್ನು ಹಿಡಿದೇ ಇರುತ್ತೇನೆ.
ಸಿರ್ಸಿ ಸರ್ಕಲ್ ಒತ್ತು, ಬ್ಯಾಟರಾಯನಪುರ ಒತ್ತು,
ನಾಯಂಡಹಳ್ಳಿಯಲ್ಲಿ ನಾನು ಒತ್ತುವ ಮೊದಲೇ
ಜನ ನನ್ನನ್ನು ಒತ್ತುತ್ತಾರೆ.
ಐದರ ಗುಂಡಿಯ ಮೇಲಿನ ಐದು ಅಳಿಸಿಹೋಗಿದೆ.
ಅದು ಗೆಲ್ಲಿಸುವುದಿಲ್ಲ, ಸೋಲಿಸುವುದೂ ಇಲ್ಲ,
ರಾತ್ರಿ ಡಿಪೋದಲ್ಲಿ ಲೆಕ್ಕ ಕೇಳುತ್ತದೆ ಅಷ್ಟೆ.
ಮೂರು ರೂಪಾಯಿ ಕಮ್ಮಿ ಬಂದರೆ ಮೂರು ರೂಪಾಯಿ ನನ್ನ ಗಂಟಿನದು.

ಹಾಗಾಗಿ ಲೆಕ್ಕ.
ದಿನಕ್ಕೆ ಅರ್ಧ ಗಂಟೆ, ಊಟವಾದ ಮೇಲೆ, ಎರಡು ವರ್ಷ.
ಗಂಟೆಗೆ ನಲವತ್ತು ರೂಪಾಯಿ, ಕೆಲವು ಪೈಸೆ ಕಮ್ಮಿ.
ಅಷ್ಟಕ್ಕೆ ಈಗ ಒಂದು ಮಸಾಲೆ ದೋಸೆಯೂ ಕಷ್ಟ,
ಆದರೆ ಎರಡು ವರ್ಷದ ದೋಸೆಗೆ
ಇವತ್ತೇ ದುಡ್ಡು ಕಟ್ಟಿ ಅಂತ ಯಾವ ಹೋಟೆಲಿನವನೂ ಅನ್ನುವುದಿಲ್ಲ.
ಅತ್ತಿಗೆಯ ಚೀಟಿ ಈ ತಿಂಗಳು ಎತ್ತಿದರೆ ಆಗುತ್ತೆ.
ಆದರೆ ಫ್ರಿಜ್ಜಿನ ಬಾಗಿಲ ರಬ್ಬರು, ಬಲ ಮಂಡಿಯ ಸ್ಕ್ಯಾನು
ಕೈ ಅಡ್ಡ ಹಾಕಿ ನಿಂತಿವೆ, ಸ್ಟಾಪಿಲ್ಲದ ಕಡೆ.
'ಆಡೋ ವಯಸ್ಸಾ ಇದು?' ಅಂದಾರು ಡ್ರೈವರು ಮುನಿವೆಂಕಟಪ್ಪ.
ಟೀ ಬ್ರೇಕಿನಲ್ಲಿ ಅವರದ್ದು ರಮ್ಮಿ, ಫೋನಲ್ಲಿ, ಬಾಯಿ ಮುಚ್ಚಿಕೊಂಡು.

ಜಬೀವುಲ್ಲಾ ಆನ್ ಮಾಡಿ ಕೈಗಿಟ್ಟ.
ಕೆರೆಯ ದಂಡೆಯ ಮೇಲೊಬ್ಬ ಪುಟ್ಟ ಹುಡುಗಿ,
ನಾನು ಮುಟ್ಟದಿದ್ದರೂ ಎಡಕ್ಕೆ, ಎಡಕ್ಕೆ ಸರಿಯುತ್ತಾಳೆ.
'ಸ್ಟಿಕ್ಕು ಸವೆದಿದೆ ಮೇಡಂ, ಆರ್ನೂರು ಕೊಟ್ರೆ ಹೊಸದು ಹಾಕ್ತೀನಿ.'
ಇರಲಿ ಅಂದೆ. ಎಲ್ಲಿಗೋ ಹೋಗಬೇಕಿದೆ ಅವಳಿಗೆ,
ಎಲ್ಲಿಗಮ್ಮ ಅಂತ ನಾನೇ ಯಾಕೆ ಕೇಳಬೇಕು?
ಗಾಳ ಎಸೆದೆ.
ಮೇಲೆ ಫ್ಯಾನು. ಹೊರಗೆ ಲಗೇಜ್ ಆಟೋದ ಹಾರ್ನು.
ಬೆಂಡು ಅಲುಗಲಿಲ್ಲ.
ಅಲುಗಲಿಲ್ಲ.
ಇಷ್ಟು ಹೊತ್ತು ಕಂಬಿ ಹಿಡಿಯದೆ ನಿಂತದ್ದು ಯಾವಾಗ ನಾನು?
ಆಮೇಲೆ ಅಂಗೈಯೊಳಗೇ ಏನೋ ಗುದ್ದಿತು,
ಹೆಬ್ಬೆರಳು ನನ್ನನ್ನು ಕೇಳದೆ ಓಡಿತು.
'ಕೈ ಪಳಗಿದೆ ಮೇಡಂದು' ಅಂದು ನಕ್ಕ.
'ಮಗನಿಗೆ ಸಿಗಲ್ಲ ಬಿಡಿ ಇದು.'

ತೂಕ ತೋರಿಸಿತು: ಒಂದೂಕಾಲು ಕೇಜಿ.
ಮುಳ್ಳಿಲ್ಲ, ನಾತವಿಲ್ಲ, ಸಾರೂ ಆಗದು.

'ಶನಿವಾರದವರೆಗೆ ಎತ್ತಿಡ್ತೀನಿ' ಅಂತ
ಬೆನ್ನಿಗೊಂದು ಚೀಟಿ ಅಂಟಿಸಿ ಹೆಸರು ಕೇಳಿದ.
ವನಜಾಕ್ಷಿ ಅಂದುಬಿಟ್ಟೆ.
ಮಗನದು ಹೇಳಬೇಕಿತ್ತೇನೋ,
ಅವನಿಗಿನ್ನೂ ಹೆಸರಿಟ್ಟಿರಲಿಲ್ಲ.

ಇವತ್ತು ಗುರುವಾರ.
ಕೆಂಗೇರಿಗೆ ಕೊನೇ ಟ್ರಿಪ್ಪು, ಸೀಟು ಅರ್ಧ ಖಾಲಿ.
ಟಿಕೆಟ್ಟು ಉಗುಳುವಾಗ ಯಂತ್ರ ಅಂಗೈಯಲ್ಲಿ ನಡುಗುತ್ತದೆ,
ಹರಿದು ಕೊಡದೆ ಒಂದು ಗಳಿಗೆ
ಹಾಗೇ ಹಿಡಿದಿರುತ್ತೇನೆ.
'ಎರಡು ರೂಪಾಯಿ ಚಿಲ್ಲರೆ ಬರ್ಬೇಕು'
ಅನ್ನುತ್ತಾನೆ ಕಿಟಕಿ ಪಕ್ಕದವನು.