ಹನ್ನೊಂದು ಮೀಟರ್ ನಲವತ್ತು

ಬಟೂಮಿಯಲ್ಲಿ ಮಳೆ ಹೊಳವಾದ ಒಂದು ಗಂಟೆಯಲ್ಲಿ
ಅಳತೆಗೆ ಹೋದೆ. ತಗಡಿನ ಕೆಲಸದವನು ನಾನು,
ಸೂರಿಗೆ ದೋಣಿ ಕಟ್ಟುವುದು ಕಸುಬು.
ಮನೆ ಒಂದೇ, ಮಾಡೂ ಒಂದೇ,
ಜಗಲಿಯ ನಟ್ಟನಡುವೆ ಮಾತ್ರ ಕೆಂಪು ಬಣ್ಣದ ಗೆರೆ.
ಬಲಕ್ಕೆ ಅಣ್ಣ ಮುರ್ಮಾನ್, ಎಡಕ್ಕೆ ತಮ್ಮ ಯೂಝಾ.
ಒಂಬತ್ತು ವರ್ಷದ ಗೆರೆ. ಮಾಸಲು ಬಿಟ್ಟಿಲ್ಲ,
ಅವನೊಂದು ವರ್ಷ, ಇವನೊಂದು ವರ್ಷ
ಬಣ್ಣ ಬಳಿಯುತ್ತಾರಂತೆ,
ಆ ಒಂದು ವಿಷಯದಲ್ಲಿ ಜಗಳವಿಲ್ಲ.

ನನ್ನ ಹುಡುಗ ಜ್ವರದಲ್ಲಿ ಮಲಗಿದ್ದ,
ಟೇಪಿನ ತುದಿ ಹಿಡಿಯಲು ಕೈ ಬೇಕಿತ್ತು.
ಅಣ್ಣ ಒಂದು ಏಣಿ ಹತ್ತಿದ, ತಮ್ಮ ಇನ್ನೊಂದು.
"ಬಿಗಿಯಾಗಿ ಹಿಡಿ ಅನ್ನು ಅವನಿಗೆ," ಅಣ್ಣ, ನನಗೆ.
"ಹಿಡಿದೇ ಇದೀನಿ ಅನ್ನು," ತಮ್ಮ, ಅವನೂ ನನಗೇ.
ಹನ್ನೊಂದು ನಲವತ್ತು, ಓದಿದ ಅಣ್ಣ.
ಮೂವತ್ತೆಂಟು ಇರಬೇಕು,
ಗೆರೆ ಎಳೆಯುವಾಗ ಅಳೆದವನು ನಾನಲ್ಲವೇ, ಎಂದ ತಮ್ಮ.
ಎರಡು ಸೆಂಟಿಮೀಟರಿಗೆ ಅರ್ಧ ಗಂಟೆ ಹೋಯಿತು.

ರೊಟ್ಟಿ ಸುತ್ತಿದ್ದ ಕಾಗದದ ಮೇಲೆ ಲೆಕ್ಕ:
ಮೂರು ಮೀಟರಿನ ದೋಣಿ, ನಾಲ್ಕು.
ಅರವತ್ತು ಸೆಂಟಿಮೀಟರಿಗೊಂದರಂತೆ ಕೊಕ್ಕೆ, ಇಪ್ಪತ್ತು.
ರಿವೆಟ್ಟು ಒಂದು ಹಿಡಿ.
ಮೀಟರಿಗೆ ಅರ್ಧ ಸೆಂಟಿಮೀಟರ್ ಇಳಿಜಾರು
ಇಷ್ಟಕ್ಕೆ ಪೆನ್ಸಿಲು ನಿಂತಿತು.
ಇಳಿಯುವುದು ಯಾವ ಕಡೆಗೆ?

"ಅವನ ಕಡೆಗೆ!"
ಇಬ್ಬರೂ, ಒಂದೇ ಉಸಿರಿಗೆ, ಒಂದೇ ದನಿ.
ಕಣ್ಣು ಮುಚ್ಚಿದ್ದರೆ ಒಬ್ಬನೇ ಅಂದುಕೊಳ್ಳುತ್ತಿದ್ದೆ.
ಇಲ್ಲಿ ಕೋಳಿಗೂಡು ಕೊಚ್ಚಿಹೋದೀತು,
ಅಲ್ಲಿ ಪರ್ಸಿಮನ್ ಮರದ ಬೇರು ಕೊಳೆತೀತು.
ನಡುವಿನಿಂದ ಎರಡೂ ಕಡೆ ಇಳಿಸೋಣವೇ, ಕೇಳಿದೆ,
ಕೊಳವೆ ಎರಡಾಗುತ್ತದೆ, ಮೊಣಕೈ ನಾಲ್ಕು, ದುಡ್ಡೂ ಹಾಗೇ.
ತಮ್ಮ ಜೇಬು ಮುಟ್ಟಿಕೊಂಡ.
ಅಣ್ಣ ಮೋಡ ನೋಡಿದ.

ಮಾತಾಡದೆ ಸೂರಿನ ಹಲಗೆಗೆ ರಸಮಟ್ಟ ಹಿಡಿದೆ.
ಗುಳ್ಳೆ ಬಲಕ್ಕೆ ಸರಿಯಿತು.
ಮನೆಯೇ ತಮ್ಮನ ಕಡೆ ಕುಸಿದಿತ್ತು,
ನಾಲ್ಕು ಸೆಂಟಿಮೀಟರ್, ಯಾರನ್ನೂ ಕೇಳದೆ.
ನಾನು ಬಾಯಿ ಬಿಡಲಿಲ್ಲ. ಅಣ್ಣನೂ ಗುಳ್ಳೆ ನೋಡಿದ್ದ.

ರಾತ್ರಿ ಫೋನು. ಮುರ್ಮಾನ್. ಹಿಂದೆ ಟೀವಿಯ ಗದ್ದಲ.
"ನೀರು ನನ್ನ ಕಡೆಗೇ ಇಳಿಸು.
ಮರಕ್ಕೆ ಹೇಗೂ ವಯಸ್ಸಾಯಿತು,
ಅವನ ಹೆಂಡತಿ ಮೊಟ್ಟೆ ಮಾರಿ ಒಲೆ ಹಚ್ಚುತ್ತಾಳೆ.
ನಾನಂದೆ ಅನ್ನಬೇಡ. ರಸಮಟ್ಟ ಅಂದಿತು ಅನ್ನು."

ಮೂವತ್ತು ವರ್ಷದಲ್ಲಿ ರೇಟು ಹೇಳುವಾಗ
ಸಣ್ಣಪುಟ್ಟ ಸುಳ್ಳು ಹೇಳಿದ್ದೇನೆ, ರಸಮಟ್ಟದ ಮೇಲೆ ಹೇಳಿಲ್ಲ.
ಕುಸಿದ ಮನೆಯಲ್ಲಿ ನೀರನ್ನು ಎತ್ತರದ ಕಡೆಗೆ ಒಯ್ಯಬೇಕು:
ಇಳಿಜಾರಿನ ಆರು, ಕುಸಿತದ ನಾಲ್ಕು,
ಅಣ್ಣನ ಮೂಲೆಯಲ್ಲಿ ದೋಣಿ ಹತ್ತು ಸೆಂಟಿಮೀಟರ್ ಕೆಳಗೆ ತೂಗಬೇಕು.
ಕಾಗದ ತಿರುವಿ ಬರೆದೆ.
ಉದ್ದ ಕಾಲಿನ ಕೊಕ್ಕೆ, ಎಂಟು.
ಅಗಲದ ಹಲಗೆ, ಒಂದು.
ನಲವತ್ತೋ ಮೂವತ್ತೆಂಟೋ, ದೋಣಿ ನಾಲ್ಕೇ,
ಕೊಯ್ದು ಉಳಿದ ತುಂಡು
ಯೂಝಾನ ಕೋಳಿಗಳಿಗೆ ನೀರಿಡಲು ಆದೀತು.

ಹೆಚ್ಚಿನ ಖರ್ಚಿಗೆ ಕಾರಣ, ಅಂತ ಬರೆಯಹೋದೆ.
ಅಲ್ಲೇ ರೊಟ್ಟಿಯ ಬೆಣ್ಣೆ ಜಿಡ್ಡು.
ಪೆನ್ಸಿಲು ಹಿಡಿಯಲಿಲ್ಲ.