ಜೋಮು

ಕೊರಳ್ಳಿ ಡಾಕ್ಟರ ಕೈ ನಡುಗಾಕ ಹತ್ತಿದ ವರ್ಷ
ದವಾಖಾನಿಗೆ ಕೀಲಿ ಬಿತ್ತು.
ಹನ್ನೊಂದು ವರ್ಷದ ಚೀಟಿಗೋಳಿಗೆ
ತಿಕೀಟಿನ ಕಟ್ಟಿನಂಗ ರಬ್ಬರ್ ಹಾಕಿ
ನನ್ನ ಕೈಯಾಗಿಟ್ಟು ಅಂದ್ರು:
"ಸುಗಲಾಬಾಯಿ, ಹೊಸಬ್ರ ಮುಂದ ಖರೇ ಹೇಳು,
ನಿನಗ ಸುಳ್ಳು ಹೇಳಾಕ ಬರೂದಿಲ್ಲ."

ಬರತದ. ಅವರಿಗಷ್ಟ ಗೊತ್ತಿದ್ದಿಲ್ಲ.
ತಪಾಸಣಿ ಮುಂಚೆ ಎರಡು ದಿನ
ಬರೇ ಹೆಸರಕಾಳು, ಮೆಂತೆ ಪಲ್ಯ ತಿಂದು
ನಸಕಿನಾಗ ಬೆರಳು ಚಾಚತಿದ್ದೆ.
"ಶಾಭಾಸ್" ಅಂತಿದ್ರು.
ಹೊರಗ ಬಂದಾಕಿನ ಸ್ಟ್ಯಾಂಡಿನ ಚಹಾ,
ಸಕ್ಕರಿ ಮುಂದ ಮಾಡಿ.
ಹಬ್ಬಕ್ಕ ಎರಡು ಹೋಳಿಗಿ ಮಾಫಿ ಅಂತ
ಅವರ ಬಾಯಿಲೇ ಹೇಳಿಸಿಕೊಂಡಿದ್ದೆ;
ವರ್ಷಕ್ಕ ಹಬ್ಬ ಎಷ್ಟು ಅಂತ ಅವರು ಕೇಳಲಿಲ್ಲ.

ಈಗ ಅಕ್ಕಲಕೋಟಿ ಸ್ಟ್ಯಾಂಡಿನ ಹಿಂದ
ಹೊಸ ಬೋರ್ಡು: ಋತುಜಾ ಗವಳಿ.
ಸಾತಾರಾ ಕಡೆಯಾಕಿ, ನನ್ನ ಮಗಳ ವಾರಿಗಿ.
ಚೀಟಿ ಕಟ್ಟು ಬಿಚ್ಚಲಿಲ್ಲ, ಬದಿಗಿಟ್ಟಳು.
ಕೊರಳ್ಳಿಯವರು ಮೊದಲು ಕೇಳತಿದ್ದದ್ದು
"ನಾಗಣಸೂರ ರೋಡು ಮುಗೀತೇನು?"
ಈಕಿ ಕೇಳಿದ್ದು ತೂಕ.
ರಟ್ಟಿಯಿಂದ ರಕ್ತ ತಗೊಂಡು ಮರಾಠಿಯಾಗ ಅಂದ್ಳು,
"ಇದು ಇವತ್ತಿನ ಲೆಕ್ಕ ಅಲ್ಲ ಬಾಯಿ,
ಮೂರು ತಿಂಗಳದು."

ಇಪ್ಪತ್ತೆರಡು ವರ್ಷ ಕಂಡಕ್ಟರಿಕಿ ಮಾಡಿದಾಕಿ ನಾನು.
ಚೆಕಿಂಗಿನವರು ಮೈಂದರ್ಗಿ ತಿರುವಿನಾಗ
ಹೇಳದ ಕೇಳದ ಗಾಡಿ ಹತ್ತೂದು ಗೊತ್ತದ.
ಆದ್ರ ನನ್ನ ರಕ್ತದಾಗ ಒಬ್ಬ ಹತ್ತಿ ಕುಂತು
ಮೂರು ತಿಂಗಳ ವೇಬಿಲ್ ಬರಕೊಂಡಾನು ಅಂತ
ಯಾವ ಡಿಪೋದಾಗೂ ಹೇಳಿದ್ದಿಲ್ಲ.
ಒಂಬತ್ತು ಪಾಯಿಂಟ್ ಎಂಟು.
ಬೈತಾಳಂತ ತಲಿ ತಗ್ಗಿಸಿದೆ. ಬೈಲಿಲ್ಲ.
ನನಗ ಸಿಟ್ಟು ಬಂತು.
ಬೈಯದ ಡಾಕ್ಟರನ್ನ ಹೆಂಗ ನಂಬೂದು?

"ಪಾಯಾಲಾ ಮುಂಗ್ಯಾ ಯೇತಾತ್ ಕಾ?"
ಕಾಲಿಗೆ ಇರಿವಿ ಬರತಾವೇನು!
ನಕ್ಕೇಬಿಟ್ಟೆ.
ತಿಕೀಟು ಹರಿಯೂ ಮರಾಠಿ ನನಗ ಬರತದ,
ಚಿಲ್ಲರಿಗೆ ಜಗಳಾಡೂ ಮರಾಠಿ ಭಾಳ ಛಲೋ ಬರತದ,
ಬ್ಯಾನಿ ಹೇಳೂ ಮರಾಠಿ ಬರೂದಿಲ್ಲ.
"ಸಕ್ಕರಿ ಇದ್ದಲ್ಲಿ ಇರಿವಿ ಬರದ ಇನ್ನೇನು?"
ಅಂದೆ, ಕನ್ನಡದಾಗ.
ಕಂಪೌಂಡರ್ ಹುಡುಗ ಬಿಡಿಸಿ ಹೇಳಿದಾಗ
ಆಕೀನೂ ನಕ್ಕಳು. ಮುಂದಿನ ಹಲ್ಲು ಒಂದು ಡೊಂಕು.
"ನಾವು ಜೋಮು ಅಂತೀವ್ರಿ."
"ಝೋಮ್ಮು?" ಅಂದ್ಳು,
ಕಾಗದದ ಅಂಚಿಗೆ ಬರಕೊಂಡ್ಳು.

ಆಮ್ಯಾಲ ನೆಲಕ್ಕ ಕುಂತು
ನನ್ನ ಬೂಟು ಬಿಚ್ಚಿಸಿ, ಕಾಲಚೀಲ ತಾನೇ ಎಳದು,
"ಕಣ್ಣು ಮುಚ್ಚು" ಅಂದ್ಳು.
ತೆಳ್ಳನ ಎಳಿ ಒಂದು ಹೆಬ್ಬೆರಳಿಗೆ, ಹಿಮ್ಮಡಕ್ಕ.
"ತಿಳೀತಾ?" ತಿಳೀತು.
"ಇಲ್ಲಿ?" ತಿಳೀಲಿಲ್ಲ. ತಿಳೀತು ಅಂದೆ.
"ಈಗ?" ತಿಳೀತು.
"ಈಗ ನಾ ಮುಟ್ಟೇ ಇಲ್ಲ."

ತಿಕೀಟಿಲ್ಲದ ಪ್ರಯಾಣಿಕರು ಸಿಕ್ಕಾಗ
ಕಿಟಕಿ ಹೊರಗ ಯಾಕ ನೋಡ್ತಾರಂತ
ಅವತ್ತು ತಿಳೀತು.

"ನೀರು ಎಷ್ಟು ಕುಡೀತಿ?"
ಡ್ಯೂಟಿ ಮ್ಯಾಲ ಕುಡಿಯೂದಿಲ್ಲ.
"ಯಾಕ?"
ಯಾಕಂದ್ರ, ಡಾಕ್ಟರಬಾಯಿ, ನನ್ನ ರೂಟಿನಾಗ
ಬಾಗಿಲಿಗೆ ಕೊಂಡಿ ಇರೂ ಪಾಯಖಾನಿ ಸಿಗೂದು
ಸೊಲ್ಲಾಪುರ ಮುಟ್ಟಿದ ಮ್ಯಾಲ.
ಹನ್ನೊಂದು ವರ್ಷ ಇದನ್ನ
ಕೊರಳ್ಳಿಯವರಿಗೆ ಹೇಳಿದ್ದಿಲ್ಲ.
ಅಪ್ಪನಂಥವರು.
ಹೋಳಿಗಿ ಮಾತಾಡಬಹುದಿತ್ತು, ಇದಲ್ಲ.

ಆಕಿ ಹಾಳಿ ಮ್ಯಾಲ ನನ್ನ ರೂಟು ಬರಸಿದ್ಳು:
ಸ್ಟಾಪು, ಟೈಮು, ಎಲ್ಲಿ ಎಷ್ಟು ನಿಮಿಷ,
ಗುಳಿಗಿ ಎಲ್ಲಿ, ರೊಟ್ಟಿ ಎಲ್ಲಿ, ನೀರು ಎಲ್ಲಿ.
ವಳಸಂಗದಾಗ ಸ್ಟ್ಯಾಂಡಿಗೆ ಹತ್ತಿ
ಒಬ್ಬ ಮಾಸ್ತರಬಾಯಿ ಮನಿ ಅದ,
ಕೇಳಿ ನೋಡ್ತೀನಿ ಅಂದೆ.
ಚಹಾದ ಮಾತು ಮಾತ್ರ ಎತ್ತಲಿಲ್ಲ.
ಒಂದೇ ದಿನ ಎಲ್ಲಾ ಖರೇ ಹೇಳಾಕ ಆಗತದೇನು?

ಸಂಜೀ ಟ್ರಿಪ್ಪಿನಾಗ ಗಾಡಿ
ಹಳೇ ದವಾಖಾನಿ ಮುಂದ ಹಾಯುವಾಗ
ಕೈ ತಾನಾಗೇ ಹಗ್ಗ ಎಳೀತು. ಒಂದು ಗಂಟಿ.
ಲತೀಫ ಬ್ರೇಕ್ ಹಾಕಿ ಕನ್ನಡಿಯಾಗ ನೋಡಿದ:
"ಯಾರು ಇಳಿಯಾವ್ರು?"

ಯಾರಿಲ್ಲಪಾ.
ಶಟರಿನ ಮ್ಯಾಲ ಟ್ಯೂಷನ್ ಕ್ಲಾಸಿನ ಚೀಟಿ ಹಚ್ಚಿದ್ರು.
ಬ್ಯಾಗಿನಾಗಿನ ಬಾಟಲಿ ತಗದು
ಎರಡು ಗುಟುಕು ನೀರು ಕುಡದು
ಎರಡು ಗಂಟಿ ಹೊಡದೆ.